ಐದನೆಯ ಕುರ್ಚಿ

ಮನೆಯಿಂದ,
ಹದಿನಾಲ್ಕನೇ ತಾರೀಖು, ಮಂಗಳವಾರ

ಪ್ರೀತಿಯ ಪುಟ್ಟೀ,

ಹೇಗಿದ್ದೀಯಮ್ಮಾ? ಕೆಮ್ಮು ಹೋಯಿತೇ? ತರಬೇತಿಯವರು ಹೊತ್ತಿಗೆ ಸರಿಯಾಗಿ ಊಟಕ್ಕೆ ಬಿಡುತ್ತಾರೋ, ಇಲ್ಲ ಮೆಷಿನ್ ಮುಂದೆಯೇ ನಿಲ್ಲಿಸಿಬಿಡುತ್ತಾರೋ? ನಾವಿಬ್ಬರೂ ಗಟ್ಟಿಮುಟ್ಟಾಗಿದ್ದೇವೆ, ಮಾತು ಮಾತ್ರ ನಿಂತಿದೆ. ಮೂರು ದಿನದಿಂದ ನಿಮ್ಮಪ್ಪ ನನ್ನೊಡನೆ ಆಡುವುದು ‘ಬಾಗಿಲು ಹಾಕಿಕೋ’ ಅನ್ನುವ ಮಾತಷ್ಟೇ. ನಾನೇನು ಕಡಿಮೆಯೇ, ಅದಕ್ಕೂ ಉತ್ತರ ಕೊಡುತ್ತಿಲ್ಲ.

ಎಲ್ಲ ನಮ್ಮ ಪ್ರೆಸ್ಸಿನ ಸಹಕಾರ ಸಂಘದ ಕಮಿಟಿ ಚುನಾವಣೆಯಿಂದ ಬಂದದ್ದು. ಐದು ಸ್ಥಾನಕ್ಕೆ ಏಳು ಹೆಸರು ಬಂದವು. ಹಿಂದೆಲ್ಲ ಹೀಗಾದಾಗ ಮೇಸ್ತ್ರಿ ಒಬ್ಬಿಬ್ಬರನ್ನು ಕಾಗದದ ಗೋದಾಮಿಗೆ ಕರೆದು, ಚಹಾ ಕುಡಿಸಿ, ‘ಈ ಸಲ ಬಿಟ್ಟುಕೊಡಿ’ ಅನ್ನುತ್ತಿದ್ದ. ಅವರೂ ಬಿಟ್ಟುಕೊಡುತ್ತಿದ್ದರು. ಓಟಿನ ಪೆಟ್ಟಿಗೆಯನ್ನು ಹದಿನೆಂಟು ವರ್ಷದಿಂದ ಬೀರುವಿನ ಮೇಲಿನಿಂದ ಇಳಿಸಿರಲೇ ಇಲ್ಲ. ಈ ಸಲ ಏಳೂ ಜನ ಚಹಾ ಕುಡಿದೆವು, ಒಬ್ಬರೂ ಜಗ್ಗಲಿಲ್ಲ. ಹೊಸ ಕಮಿಟಿಯ ಮೊದಲ ತೀರ್ಮಾನವೇ ಬೈಂಡಿಂಗ್ ಯಂತ್ರದ್ದು ನೋಡು. ಅದು ಬಂದರೆ ಕೈಯಲ್ಲಿ ಪುಸ್ತಕ ಹೊಲಿಯುವ ನಾವು ಹನ್ನೊಂದು ಜನ ಹೆಂಗಸರು ಮನೆಗೆ. ಬಾರದಿದ್ದರೆ ಪ್ರೆಸ್ಸೇ ಮುಚ್ಚುತ್ತದೆ ಅನ್ನುವುದು ನಿಮ್ಮಪ್ಪನ ವಾದ. ಮೂವತ್ತು ವರ್ಷ ಮುದ್ರಣ ಯಂತ್ರ ಓಡಿಸಿದವರು, ಅವರ ಮಾತು ಪೂರ್ತಿ ಸುಳ್ಳೂ ಅಲ್ಲ. ಅದೇ ನನಗೆ ಹೊಟ್ಟೆಯುರಿ. ಅವರೂ ನಿಂತರು, ನಾನೂ ನಿಂತೆ.

ಚುನಾವಣೆಯ ಬೆಳಗ್ಗೆ ಚಪ್ಪಲಿ ಮೆಟ್ಟುತ್ತಾ, “ನಿನ್ನ ಹೆಸರು ವಾಪಸ್ ತಗೋ, ನಮ್ಮನೆ ಜಗಳ ಅಲ್ಲಿಗ್ಯಾಕೆ?” ಅಂದರು.

“ನೀವೇ ತಗೊಳ್ಳಿ,” ಅಂದೆ.

ಒಬ್ಬೊಬ್ಬರೂ ಚೀಟಿಯಲ್ಲಿ ಐದು ಹೆಸರು ಬರೆಯಬೇಕಿತ್ತು. ಮೇಸ್ತ್ರಿ ಚೀಟಿ ಓದುವಾಗ ನಾನು ಬೆರಳು ಮಡಿಸಿ ಎಣಿಸುತ್ತಿದ್ದೆ. ನಾಲ್ವರು ಸಲೀಸಾಗಿ ಗೆದ್ದರು, ಇಬ್ಬರು ಯಂತ್ರದ ಕಡೆ, ಇಬ್ಬರು ನಮ್ಮ ಕಡೆ. ಐದನೆಯ ಕುರ್ಚಿಗೆ ನಿಮ್ಮಪ್ಪನಿಗೆ ಇಪ್ಪತ್ತನಾಲ್ಕು, ನನಗೂ ಇಪ್ಪತ್ತನಾಲ್ಕು. ಯಾರೋ ಕಿಸಕ್ಕೆಂದು ನಕ್ಕರು. ನಾವು ಹೊಲಿಯುವವರು ನಗಲಿಲ್ಲ. ನನ್ನ ಪಕ್ಕದಲ್ಲಿ ಕೂರುವ ದೊಡ್ಡಕ್ಕನಿಗೆ ಗಂಡನಿಲ್ಲ, ಬೇರೆ ಕೆಲಸ ಗೊತ್ತಿಲ್ಲ. ಅವಳು ನನ್ನ ಸೆರಗು ಹಿಡಿದವಳು ಬಿಡಲೇ ಇಲ್ಲ.

ಪ್ರೆಸ್ಸಿನಿಂದ ತರಬೇತಿಗೆ ಹೋಗಿರುವುದರಿಂದ ಓಟು ಹಾಕದೆ ಉಳಿದಿರುವ ಸದಸ್ಯೆ ನೀನೊಬ್ಬಳೇ. ಊರಲ್ಲಿಲ್ಲದವರು ಸಹಿ ಮಾಡಿ ಕಾಗದ ಕಳಿಸಬಹುದಂತೆ, ಶನಿವಾರದೊಳಗೆ ಮೇಸ್ತ್ರಿಯ ಕೈ ಸೇರಬೇಕು. ನಿಮ್ಮಪ್ಪನೂ ಮೇಜಿನ ಆ ತುದಿಯಲ್ಲಿ ಕೂತು ನಿನಗೇ ಬರೆಯುತ್ತಿದ್ದಾರೆ. ಅಪ್ಪನೋ ಅಮ್ಮನೋ ಅಂತ ನೋಡಬೇಡ ಮಗಳೇ. ಇಬ್ಬರಲ್ಲಿ ಒಬ್ಬರಿಗೆ ನೋವಾಗಿಯೇ ಆಗುತ್ತದೆ, ಅದನ್ನು ನಾವು ನುಂಗಿಕೊಳ್ಳುತ್ತೇವೆ.

ಹೊಟ್ಟೆ ತುಂಬ ಉಣ್ಣು, ನೂರ್ಕಾಲ ಸುಖವಾಗಿರು.

ನಿನ್ನ
ಅಮ್ಮ

ವಿ.ಸೂ.: ಅವರು ಲಕೋಟೆ ತರಲು ಎದ್ದು ಹೋಗಿದ್ದಾರೆ, ಬೇಗ ಬರೆಯುತ್ತೇನೆ. ಅವತ್ತು ಚೀಟಿಯ ಮೊದಲ ಗೆರೆಯಲ್ಲಿ ನಿಮ್ಮಪ್ಪನ ಹೆಸರು ಬರೆದುಬಿಟ್ಟೆ. ಸ್ಕೂಲಿನ ಫಾರಂ, ಆಸ್ಪತ್ರೆಯ ಫಾರಂ, ಎಲ್ಲದರಲ್ಲೂ ಮೊದಲು ಅದನ್ನೇ ಬರೆದ ಕೈ. ಆಮೇಲೆ ಮಾತು ಕೊಟ್ಟಿದ್ದ ನಾಲ್ವರನ್ನು ಬರೆದೆ, ಐದು ತುಂಬಿತು. ಚೀಟಿ ಪೆಟ್ಟಿಗೆಗೆ ಬಿದ್ದ ಮೇಲೆ ನೆನಪಾಯಿತು, ನನ್ನ ಹೆಸರೇ ಇಲ್ಲ. ಬರೆದಿದ್ದರೆ ಅವತ್ತೇ ಗೆದ್ದಿರುತ್ತಿದ್ದೆ. ನಿಮ್ಮಪ್ಪನಿಗೆ ಹೇಳಬೇಡ, ಅತ್ತುಬಿಡುತ್ತಾರೆ. ದೊಡ್ಡಕ್ಕನಿಗೆ ಏನು ಹೇಳಲಿ, ಅದನ್ನು ಬರೆ.