ಕತ್ತಲಲ್ಲೂ ಕಾಲಿಗೆ ಸಿಕ್ಕ ಸದ್ದು

ಪುಟ್ಟೀ,

ನೀನು ನಿದ್ದೆಯಲ್ಲಿದ್ದೆ, ಎಬ್ಬಿಸಲಿಲ್ಲ. ನಿನ್ನೆ ಕಾರ್ಯಕ್ರಮದ ನಡುವೆ ವೇದಿಕೆಯ ದೀಪ ಕೈಕೊಟ್ಟಿತು. ಗಿಟಾರಿನ ಸದ್ದು ಬದಲಿಸೋ ಎಫೆಕ್ಟ್ಸ್ ಪೆಟ್ಟಿಗೇಲಿ ನಾನು ‘ಹೊಸದು’, ‘ಇನ್ನೂ ಹೊಸದು’ ಅಂತ ಹೆಸರಿಟ್ಟು ತುರುಕಿದ್ದ ಸದ್ದುಗಳನ್ನೆಲ್ಲ ನೀನು ಹಾಡಿನ ಸರದಿಯಂತೆ ಜೋಡಿಸಿದ್ದೆಯಲ್ಲ, ಅದೇ ಕಾಪಾಡ್ತು. ಕತ್ತಲಲ್ಲಿ ಕಾಲಿಂದ ಅದರ ಗುಂಡಿ ಒಂದೊಂದಾಗಿ ಒತ್ತುತ್ತಾ ಹೋದೆ, ಬೇಕಾದ ಸದ್ದೇ ಬಂತು.

“ಅಣ್ಣಾ, ಇವತ್ತು ಒಂದೂ ತಪ್ಪಲಿಲ್ಲವಲ್ಲ!” ಅಂದಳು ನಮ್ಮ ತಂಡದ ಗಾಯಕಿ.

“ಮಗಳ ಕೈಗುಣ” ಅಂದೆ. ಎದೆ ಉಬ್ಬಿಹೋಗಿತ್ತು ಕಣೇ.

ಪೆಟ್ಟಿಗೆ ಮೇಜಿನ ಮೇಲಿದೆ. ಪಕ್ಕದಲ್ಲಿ ಕಾಫಿ ಲೋಟ ಇಟ್ಟೀಯ, ಜೋಕೆ! ಹೊಸ ಹಾಡುಗಳಿಗೂ ಸದ್ದು ಆರಿಸಿ ನೀನೇ ಹೆಸರಿಡು, ನನ್ನನ್ನ ಕೇಳಬೇಡ.

ಸಂಜೆ ಅಭ್ಯಾಸಕ್ಕೆ ನಿನ್ನ ಗಿಟಾರನ್ನೂ ತಗೊಂಡು ಬಾ. ಎರಡನೇ ಗಿಟಾರ್ ನುಡಿಸೋರನ್ನ ಇನ್ನು ಹುಡುಕೋದು ಬೇಡ ಅಂತ ತಂಡದ ಎಲ್ಲರಿಗೂ ಹೇಳಿಬಿಟ್ಟಿದ್ದೀನಿ.

— ಅಪ್ಪ