ಬೀಗದೊಳಗಿನ ಕೋಟು

ಚಿತ್ತಾಪುರ, ಗುರುವಾರ, 12 ಮಾರ್ಚ್ 1936

ನಾಳೆ ಹತ್ತಕ್ಕೆ ಶಹಾಬಾದಿನಲ್ಲಿ ಗುಮಾಸ್ತೆ ಹುದ್ದೆಗೆ ಮುಲಾಖತ್ತು. ಇಂಗ್ಲಿಷಿನಲ್ಲಿ ಏನು ಕೇಳುತ್ತಾರೋ ಎಂಬ ಹೆದರಿಕೆ ಮೊದಲೇ ಇದೆ. ಅದರ ಮೇಲೆ ಇದು: ನನ್ನ ಒಂದೇ ಕೋಟು, ಜೇಬಿನ ಸರ್ಟಿಫಿಕೇಟಿನ ಸಮೇತ, ಎದುರುಮನೆ ಗೋದಾಬಾಯಿಯ ಬೀಗದೊಳಗಿದೆ.

ಶುಕ್ರವಾರ ಪಶ್ಚಿಮಕ್ಕೆ ಹೊರಡಬಾರದಂತೆ. ಅದಕ್ಕೇ ಸೋದರಮಾವ ಶಾಮಾಚಾರ್ಯ ಇವತ್ತೇ ಒಳ್ಳೆಯ ಘಳಿಗೆ ನೋಡಿ, ನನ್ನ ಬದಲು ಕೋಟನ್ನು ಹೊರಡಿಸಿ ಗೋದಾಬಾಯಿಯ ಮನೆಯಲ್ಲಿ ಪ್ರಸ್ಥಾನ ಇಟ್ಟು ಬಂದ; ನನ್ನ ಪ್ರಯಾಣ ಇವತ್ತೇ ಶುರುವಾದ ಲೆಕ್ಕವಂತೆ. ಸಂಜೆ ಆಕೆ ಬೀಗ ಹಾಕಿಕೊಂಡು ಸೇಡಂಗೆ ಹೋದಳು.

"ಗಾಬರಿ ಯಾಕೋ? ಘಳಿಗಿ ಅಂತೂ ಭಾಳ ಛಲೋ ಅದ" ಎನ್ನುತ್ತಾನೆ!

ಹನ್ನೆರಡು ವರ್ಷದವನಿದ್ದಾಗ ಇದೇ ಮಾವನ ಜೊತೆ ಮಂಗಳೂರಿನಿಂದ ಉಡುಪಿಗೆ ಮೋಟಾರಿನಲ್ಲಿ ಹೋಗಿದ್ದೆ. ದಾರಿಯಲ್ಲಿ ಅಲ್ಲಲ್ಲಿ ತೆಂಗಿನ ಮರಗಳ ಸಂದಿಯಲ್ಲಿ ಸಮುದ್ರ ಹೊಳೆಯುತ್ತಿತ್ತು. ಮೋಟಾರು ನಿಂತಾಗ ಎಲ್ಲರೂ ನೀರಿಗಿಳಿದರು. ಈತ ನನ್ನ ರಟ್ಟೆ ಹಿಡಿದು, "ಇವತ್ತ ಪರ್ವ ಇಲ್ಲ, ಸಮುದ್ರ ಮುಟ್ಟಬಾರದು" ಎಂದ. ನೊರೆ ನನ್ನ ಕಾಲಿಗೆ ಒಂದು ಗೇಣು ದೂರದವರೆಗೆ ಬಂದು ಹಿಂದಕ್ಕೆ ಹೋಯಿತು. ಆ ನೀರು ತಣ್ಣಗಿತ್ತೋ ಬೆಚ್ಚಗಿತ್ತೋ, ನನಗೆ ಇಂದಿಗೂ ಗೊತ್ತಿಲ್ಲ.

ಪಕ್ಕದಲ್ಲೇ ಗೊರಕೆ ಹೊಡೆಯುತ್ತಿದ್ದಾನೆ, ತಲೆದಿಂಬಿನಡಿ ಪಂಚಾಂಗ. ಅಡುಗೆಮನೆಯ ಗುಂಡುಕಲ್ಲು ನನ್ನ ಕೈಯಳತೆಯಲ್ಲಿದೆ. ಬೀಗ ಒಡೆಯಲು ಒಳ್ಳೆಯ ಘಳಿಗೆ ಯಾವುದೆಂದು ಇವನನ್ನು ಎಬ್ಬಿಸಿ ಕೇಳುವುದಿಲ್ಲ.