ಸಾಹೇಬರು ಉಂಡ ಬುರ್ಲಿಗಳು

ಮಾನ್ಯರೇ,

ನೀವು ನಮ್ಮೂರಲ್ಲಿ ಉಂಡ ಊಟದ ಕತೆಯನ್ನು ಮೊದಲು ಬಾಯಿಬಿಟ್ಟು ಹೇಳಿದವಳು ಅದನ್ನು ಬೇಯಿಸಿದ ಎರ್ರಮ್ಮನೇ; ಹೋದ ಶುಕ್ರವಾರ ಸಂಜೆ, ಗುಡಿಕಟ್ಟೆಯ ಮೇಲೆ. ಜೋಡುಗಲ್ಲ ಗುಡ್ಡದಲ್ಲಿ 'ಯಾವುದೇ ಕಾಡುಹಕ್ಕಿ ಕಂಡುಬಂದಿಲ್ಲ' ಎಂಬ ನಿಮ್ಮ ವರದಿಯನ್ನು ಪಂಚಾಯಿತಿ ಗೋಡೆಗೆ ಅಂಟಿಸಿದ ದಿನವದು. ಅದರ ಬಲದಿಂದ ಬರುವ ಸೋಮವಾರ ಕಲ್ಲುಕ್ವಾರಿಯವರು ಗುಡ್ಡ ಸಿಡಿಸಲು ಮದ್ದು ಇಡುತ್ತಾರೆ.

ಹೇಗೆ ಕಂಡಾವು ಹೇಳಿ? ಗುಡ್ಡದಲ್ಲಿ ಹಕ್ಕಿಗಳಿವೆ, ಕ್ವಾರಿ ಬೇಡ ಎಂದು ಅರ್ಜಿ ಕೊಟ್ಟವರು ನಾವೇ. ನೀವು ಪರಿಶೀಲನೆಗೆ ಬರುತ್ತೀರೆಂದು ತಿಳಿದದ್ದೇ, ಇಷ್ಟು ದೊಡ್ಡ ಸಾಹೇಬರಿಗೆ ಬರೀ ಕೋಳಿ ಬಡಿಸಿದರೆ ಊರಿನ ಮರ್ಯಾದೆ ಉಳಿದೀತೇ ಎಂದು ಹಿಂದಿನ ಸಂಜೆ ಬಲೆ ಹಿಡಿದು ಗುಡ್ಡ ಹತ್ತಿದವರೂ ನಾವೇ. ಬಂಡೆಯ ಸಂದಿಯಲ್ಲಿ ಬುರ್ಲಿ ಹಕ್ಕಿಗಳ ಸಂಸಾರವೊಂದಿತ್ತು. ಮುಷ್ಟಿಯಷ್ಟು ಮೈ, ಕಲ್ಲಿನದೇ ಬಣ್ಣ. ಆಪತ್ತು ಬಂದರೆ ಹಾರುವ ಬದಲು ನೆಲಕ್ಕಂಟಿ ಸುಮ್ಮನಾಗುವ ಜೀವ. ಹಿಡಿಯಲು ಕಷ್ಟವೇ ಆಗಲಿಲ್ಲ.

ತಟ್ಟೆ ನೋಡಿ ನೀವು ಕೇಳಿದಿರಿ: "ಇದು ಕೋಳಿ ಅಲ್ಲ, ಅಲ್ವಾ?"

ನಮ್ಮ ಪಂಚಾಯಿತಿ ಸದಸ್ಯ ಭೀಮರಾಜ ಹಲ್ಲು ಕಿರಿದ: "ಬುರ್ಲಿ ರೀ ಸಾಹೇಬ್ರ, ನಮ್ಮ ಗುಡ್ಡದ್ದ. ಇನ್ನೊಂದು ಹಾಕಿಸ್ಕೊಳ್ರಿ, ನಾಚ್ಕಿ ಮಾಡ್ಕೋಬ್ಯಾಡ್ರಿ."

ನೀವು ನಾಚಲಿಲ್ಲ. ಕೈ ತೊಳೆದು, ಗುಡ್ಡ ಸುತ್ತಿ, "ಎಲ್ಲಿವೆ ನಿಮ್ಮ ಹಕ್ಕಿ?" ಎಂದಿರಿ. ತಟ್ಟೆಯಲ್ಲಿ ಕಂಡದ್ದು ಕಂಡ ಲೆಕ್ಕಕ್ಕೆ ಬರುವುದಿಲ್ಲವೇ, ಮಾನ್ಯರೇ? ಎಲುಬನ್ನು ಬದಿಗಿಟ್ಟ ಕೈಯೇ ಅಲ್ಲವೇ ಆ ವರದಿ ಬರೆದದ್ದು?

ಕಟ್ಟೆಯ ಮೇಲೆ ನಾವು ಹೀಗೆಲ್ಲ ಕೂಗಾಡುವಾಗ ಎರ್ರಮ್ಮ ಪೂರ್ತಿ ಕತೆ ಹೇಳಿ ಕೊನೆಗೆ ಅಂದಳು: "ಅವರಿಗೊಬ್ಬರಿಗೇ ಯಾಕ ಬೈತೀರೋ? ಹಿಡ್ಕಂಡು ಬಂದೋರು ನೀವು, ಪುಕ್ಕ ಕಿತ್ತಾಕಿ ನಾನು. ಸಾಕ್ಷಿನ ಸಾರು ಮಾಡಿ ಉಣ್ಣಿಸಿ ಈಗ ನ್ಯಾಯ ಕೇಳ್ತೀರಿ. ತಾಯಿ ಹಕ್ಕಿ ಮಾತ್ರ ಬುಟ್ಟಿಯಿಂದ ತಪ್ಪಿಸ್ಕಂಡು ಹೋಗೈತಿ. ಅದರ ಮುಂದ ಕೊಡ್ರಿ ಹೋಗ್ರಿ ನಿಮ್ಮ ಅರ್ಜಿ!"

ಸೋಮವಾರದೊಳಗೆ ಮತ್ತೊಮ್ಮೆ ಬನ್ನಿ. 'ಹಕ್ಕಿಗಳಿದ್ದವು, ಊರವರು ಹಿಡಿದರು, ನಾನು ಉಂಡೆ, ಇನ್ನೂ ಉಳಿದಿವೆ' ಎಂದು ವರದಿ ತಿದ್ದಿ, ಮದ್ದು ನಿಲ್ಲಿಸಿ. ನಮ್ಮ ಮೇಲೆ ಕೇಸು ಹಾಕಿದರೂ ಒಪ್ಪುತ್ತೇವೆ. ಬುತ್ತಿ ಮಾತ್ರ ನೀವೇ ತನ್ನಿ.

ಉಳಿದಿವೆ ಎಂದು ಹೇಗೆ ಗೊತ್ತು ಎನ್ನುವಿರಾ? ಆ ಕತೆ ಕೇಳಿದ ಮರುದಿನ ಬೆಳಗ್ಗೆ ನಾನು ಚೊಂಬು ಹಿಡಿದು, ಬಯಲಿಗೆ ಹೊರಟವನಂತೆ ಗುಡ್ಡ ಹತ್ತಿದೆ. ಕಟ್ಟೆಯ ಮೇಲಿದ್ದವರೆಲ್ಲ ಒಬ್ಬೊಬ್ಬರಾಗಿ ಚೊಂಬು ಹಿಡಿದೇ ಬಂದರು. ಯಾರ ಚೊಂಬಿನಲ್ಲೂ ನೀರಿರಲಿಲ್ಲ, ನವಣೆಯಿತ್ತು. ಯಾರೂ ಯಾರ ಮುಖವನ್ನೂ ನೋಡದೆ ಸಂದಿಯ ಬಾಯಿಗೆ ಚೆಲ್ಲಿ ದೂರ ನಿಂತೆವು. ಬಹಳ ಹೊತ್ತಿನ ಮೇಲೆ ತಾಯಿ ಬಂತು, ಹಿಂದೆ ಎರಡು ಮರಿ. ನಮ್ಮನ್ನು ಕಂಡದ್ದೇ ಮೂರೂ ಕಲ್ಲಿಗಂಟಿ ಕಲ್ಲಾದವು. ನಾವು ಕಾಣದವರಂತೆ ಇಳಿದು ಬಂದೆವು.

ಇಂತಿ,
ನಿಮ್ಮ ತಟ್ಟೆಗೆ ಎರಡನೇ ಸಲ ಬಡಿಸಿದ
ಉಜ್ಜಿನಪ್ಪ
ಕೂಡ್ಲಿಗಿ ತಾಲ್ಲೂಕು